ಮಗ್ಗಕ್ಕೆ ಹಚ್ಚಿದ ಎಂಜಲು

2006ರಲ್ಲಿ ಗಜೇಂದ್ರಗಡದಲ್ಲಿ ನನಗೆ ಚಿಕುನ್‌ಗುನ್ಯಾ ಬಂತು. ಜ್ವರ ಬಿಟ್ಟರೂ ಸುಸ್ತು ಬಿಡಲಿಲ್ಲ. ಹಾಡಹಗಲೇ ಮಗ್ಗದ ಮುಂದೆ ಕುಳಿತಲ್ಲೇ ನಿದ್ದೆ ಹೋಗುತ್ತಿದ್ದೆ. ಎಚ್ಚರವಾದಾಗ ಸೀರೆ ನಾಲ್ಕು ಬೆರಳು ಬೆಳೆದಿರುತ್ತಿತ್ತು. ಕಡಿದ ಎಳೆಗಳನ್ನು ಯಾರೋ ಉಗುಳು ಹಚ್ಚಿ ಹೊಸೆದು ಕೂಡಿಸಿರುತ್ತಿದ್ದರು. ಮುಟ್ಟಿದರೆ ಅಂಟಂಟು, ತಂಬಾಕಿನ ಗಬ್ಬು.

"ನಿದ್ದಿಗಣ್ಣಾಗ ನೀವ ನೇಯ್ದಿರಬೇಕ್ರಿ," ಎಂದಳು ಹೆಂಡತಿ ಕಳಕವ್ವ.

"ಚಾದ ಕಪ್ಪ ಹಿಡಿಯಾಕ ಬೆರಳ ಮಡಚವಲ್ವು. ತಂಬಾಕಂತೂ ನಾ ಮುಟ್ಟಂಗಿಲ್ಲ."

ತಂಬಾಕು ಜಗಿಯುತ್ತ ಎಳೆಗೆ ಉಗುಳು ಹಚ್ಚುತ್ತಿದ್ದವನು ನನಗಿಂತ ಮೊದಲು ಈ ಮಗ್ಗದಲ್ಲಿ ನೇಯುತ್ತಿದ್ದ ರಮಜಾನಸಾಬ. ಅದೇ ಜ್ವರದಲ್ಲಿ ತೀರಿಕೊಂಡಿದ್ದ.

ಹೇಸಿಕೆ ತಾಳಲಾರದೆ ಮಗ್ಗ ಬಿಚ್ಚಿಸಿ ಹಾಕಿದೆ. ಮರುದಿನ ಮಧ್ಯಾಹ್ನ ಪಡಸಾಲೆಯಲ್ಲಿ ಮಲಗಿ ಎದ್ದೆ. ಜ್ವರಕ್ಕೆ ಒಡೆದಿದ್ದ ನನ್ನ ತುಟಿಗೆ ಯಾರೋ ಉಗುಳು ಹಚ್ಚಿದ್ದರು. ಇನ್ನೂ ಬೆಚ್ಚಗಿತ್ತು.