ಮರಳಿನಡಿಯ ಮುಡಿಪು

"ಮುಟ್ಬೇಡಿ!"

ಆ ಕೂಗಿಗೆ ವೆಂಕಟರತ್ನಳ ಕೈಯಲ್ಲಿದ್ದ ತಾಮ್ರದ ಬಿಂದಿಗೆ ತುಳುಕಿತು. ಅರ್ಧವೇ ತುಂಬಿದ್ದ ಗಾಜಿನ ತೊಟ್ಟಿಗೆ ನೀರು ಸುರಿಯಲು ಬಗ್ಗಿದವಳು ಹಾಗೆಯೇ ನಿಂತುಬಿಟ್ಟಳು. ಎಂದೂ ನೋಡದ ಯುವಕನೊಬ್ಬ ಓಡಿಬಂದು ಬಿಂದಿಗೆ ಕಸಿದು ಅಂಗಳಕ್ಕೆ ಒಯ್ದಿಟ್ಟ. ಅವಳ ಮುಖವನ್ನೂ ನೋಡಲಿಲ್ಲ. ಅವನ ಕಣ್ಣೆಲ್ಲ ನೀರಿನ ಮೇಲೆ.

ಏಕೆಂದು ಕೇಳಲು ರತ್ನ ನಿಲ್ಲಲಿಲ್ಲ. ಅಡುಗೆಮನೆಗೆ ಓಡಿದಳು.

ನನ್ನ ಕೈ ಅಪಶಕುನವೆಂದು ಇವನಿಗೂ ಗೊತ್ತಾಗಿದೆ... ಬಂದ ದಿನವೇ ಯಾರು ಹೇಳಿದರೋ!

ಮಾಲೂರಿನ ಆ ಮನೆಯಲ್ಲಿ ಹೇಳದವರು ಯಾರು? ಹೆತ್ತ ತಾಯಿ ಅವಳ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ತಾಯಲೂರಿನ ಹುಡುಗನೊಂದಿಗೆ ಲಗ್ನ ಗೊತ್ತಾಗಿ, ಚಪ್ಪರ ಹಾಕುವ ಮೊದಲೇ ಅವನನ್ನು ಕಾಲರಾ ಒಯ್ದಿತ್ತು. ಅಂದಿನಿಂದ ಸೋದರಮಾವನ ಹೆಂಡತಿ ಬೈರಮ್ಮ, ಕರು ಹಾಕಿದ ಹಸುವಿನ ಹತ್ತಿರಕ್ಕೂ ಹೊಸ ಉಪ್ಪಿನಕಾಯಿ ಜಾಡಿಯ ಹತ್ತಿರಕ್ಕೂ ಅವಳನ್ನು ಬಿಡುತ್ತಿರಲಿಲ್ಲ. ಬೈಯುತ್ತಲೂ ಇರಲಿಲ್ಲ. "ನೀನು ಆ ಕಡೆ ಇರು ಅಮ್ಮಾಯಿ" ಎನ್ನುತ್ತಿದ್ದಳು, ಅಷ್ಟೇ. ಆ ಮೆತ್ತನೆಯ ಮಾತಿಗೇ ರತ್ನ ಹೆಚ್ಚು ಹೆದರುತ್ತಿದ್ದಳು.

ಗಾಜಿನ ತೊಟ್ಟಿ ಸೋದರಮಾವ ಕೋದಂಡರಾಮಪ್ಪನ ಹುಚ್ಚು. ಶ್ರೀನಿವಾಸಪುರದ ಕಡೆಯ ಮಾವು ಕೊಂಡು ಮದರಾಸಿಗೆ ಕಳಿಸುವ ವ್ಯಾಪಾರ ಅವನದು. ಅಲ್ಲಿ ಕಡಲ ಮೀನುಗಳನ್ನು ಗಾಜಿನ ಹಿಂದೆ ಸಾಕಿದ್ದನ್ನು ನೋಡಿ ಬಂದ ಮೇಲೆ ಅವನಿಗೆ ಬೇರೆ ಮಾತೇ ಇರಲಿಲ್ಲ. ಯುಗಾದಿಗೆ ಮದರಾಸಿನ ವರ್ತಕರು ಮನೆಗೆ ಬರುವವರಿದ್ದರು. ಅಷ್ಟರಲ್ಲಿ ನಡುಮನೆಯಲ್ಲಿ ಕಡಲು ಇರಬೇಕು! ಪಿಂಗಾಣಿ ಜಾಡಿಗಳಲ್ಲಿ ಕಡಲ ನೀರು ರೈಲಿನಲ್ಲಿ ಬಂತು. ಅದರ ಜೊತೆಗೇ ಬಂದವನು ಟೇಕಲ್ಲಿನ ಅಶ್ವತ್ಥಪ್ಪ. ಮದರಾಸಿನ ಕಾಲೇಜೊಂದರಲ್ಲಿ ಇಂಥ ತೊಟ್ಟಿಗಳನ್ನು ನೋಡಿಕೊಳ್ಳುತ್ತಿದ್ದವನು, ದೂರದ ನೆಂಟ. ಬಿಂದಿಗೆ ಕಸಿದವನೂ ಅವನೇ.

ತೊಟ್ಟಿಗೆ ಅವನು ಬಿಟ್ಟದ್ದು ಎರಡೇ ಪಟ್ಟೆ ಮೀನು, ಕಲ್ಲಿಗೆ ಅಂಟಿಕೊಂಡ ಒಂದು ಕಡಲ ಹೂವು. ಹೂವೆಂದರೆ ಹೆಸರಿಗೆ, ಎಸಳು ಚಾಚಿ ಆಹಾರ ಹಿಡಿದು ತಿನ್ನುವ ಜೀವಿ ಅದು.

"ಇಷ್ಟು ದೊಡ್ಡ ತೊಟ್ಟೀಲಿ ಎರಡೇನಯ್ಯಾ? ನೋಡಿದೋರು ನಗಲ್ವಾ?" ಎಂದ ಕೋದಂಡರಾಮಪ್ಪ.

"ನೀರಿನ್ನೂ ಹಸಿ ಯಜಮಾನ್ರೇ. ನೀವು ಕಾಯಿ ಹುಲ್ಲಲ್ಲಿಟ್ಟು ಮಾಗಿಸಲ್ವಾ? ನೀರೂ ಹಂಗೇ ಮಾಗ್ಬೇಕು. ಈಗ್ಲೇ ತುಂಬಿದ್ರೆ ಮೀನಿನ ಹೊಲಸೇ ಮೀನಿಗೆ ವಿಷ ಆಗ್ತದೆ."

ಹಣ್ಣಿನ ಲೆಕ್ಕದಲ್ಲಿ ಹೇಳಿದ್ದರಿಂದ ಕೋದಂಡರಾಮಪ್ಪ ಗೊಣಗುತ್ತಲೇ ಒಪ್ಪಿದ.

ರತ್ನ ಬಾಗಿಲ ಮರೆಯಿಂದ ನೋಡುತ್ತಿದ್ದಳು. ತೊಟ್ಟಿಯ ಮೇಲೆ ತೂತಿನ ಮಡಕೆ ಕಟ್ಟಿ, ಶಿವಲಿಂಗದ ಮೇಲಿನ ಧಾರೆಯ ಹಾಗೆ ಅವನು ತೊಟ್ಟಿಯ ನೀರನ್ನೇ ಮೊಗೆದು ಇಳಿಬಿಡುತ್ತಿದ್ದ. ಹಾಗೆ ಬಿದ್ದರೆ ನೀರಿಗೆ ಗಾಳಿ ಸೇರುತ್ತದಂತೆ. ಗಾಜಿನ ಕೊಳವೆ ತೇಲಿಸಿ ಉಪ್ಪಿನ ಅಳತೆ ನೋಡುವನು. ಅವನ ಕೈ ಎಷ್ಟು ನಿಧಾನ... ಮಲಗಿದ ಮಗುವಿಗೆ ಹೊದಿಸುವ ಕೈ!

ಒಮ್ಮೆ ಅವನು ಸ್ಟೇಷನ್ನಿಗೆ ಹೊರಟವನು, ಮಡಕೆಗೆ ನೀರು ತುಂಬುತ್ತಿರುವಂತೆ ಅವಳನ್ನು ಕೇಳಿಕೊಂಡ. ರತ್ನ ಎರಡೂ ಕೈ ಸೆರಗಿನೊಳಗೆ ಹುದುಗಿಸಿಕೊಂಡು ಹಿಂದೆ ಸರಿದಳು. ಅವನ ಮುಖ ಕಂದಿತು. ಸಂಬಳದವನ ಮಾತು ಕೇಳುವುದೇನೆಂದು ಬಿಂಕ ಮಾಡಿದಳು ಎಂದುಕೊಂಡನೇನೋ. ಆ ಮೇಲೆ ಅವನು ಮಾತಾಡಿಸಲಿಲ್ಲ.

ಅವಳಿಗೆ ಭಯ ಹೆಚ್ಚುತ್ತಲೇ ಹೋಯಿತು. ನಾನು ಇಷ್ಟು ನೋಡುತ್ತಿದ್ದೇನೆ... ನನ್ನ ದೃಷ್ಟಿಯೇ ಇವಕ್ಕೆ ತಾಗಿದರೆ?

ಒಂದು ಮಧ್ಯಾಹ್ನ ನಡುಮನೆ ಖಾಲಿಯಿತ್ತು. ತಾಯಿಯ ಪೆಟ್ಟಿಗೆಯಲ್ಲಿದ್ದ ತಾಮ್ರದ ಕಾಸನ್ನು ತೊಳೆದು, ಕಣ್ಣಿಗೊತ್ತಿಕೊಂಡು, ಕಲ್ಯಾಣಿಗೆ ಮುಡಿಪು ಹಾಕುವಂತೆ ಆ ನೀರಿಗೆ ಹಾಕಿ ತಳದ ಮರಳಿನೊಳಗೆ ಅದುಮಿದಳು. ಎರಡು ಮಾತು ಬೇಡಿಕೊಂಡಳು. ಈ ಜೀವಗಳು ಬದುಕಲಿ ಎಂಬುದು ಒಂದು. ಇನ್ನೊಂದನ್ನು ತನಗೇ ಕೇಳಿಸದಷ್ಟು ಮೆಲ್ಲಗೆ.

ಕೆಲವೇ ದಿನಗಳಲ್ಲಿ ಕಡಲ ಹೂವು ಎಸಳು ಮುದುರಿ ಕೊಳೆಯಿತು. ನೀರು ಮಬ್ಬಾಯಿತು. ಒಂದು ಮೀನು ಹೊಟ್ಟೆ ಮೇಲಾಗಿ ತೇಲಿತು. ಇನ್ನೊಂದು ಮೇಲೆ ಬಂದು ಬಾಯಿ ಬಿಡತೊಡಗಿತು.

ರತ್ನ ತನ್ನ ಕೈಗಳನ್ನೇ ನೋಡಿಕೊಂಡಳು.

"ಮಾಗ್ತದೆ ಮಾಗ್ತದೆ ಅಂದೆ. ಕೊಳೀತಲ್ಲಯ್ಯಾ" ಎಂದ ಕೋದಂಡರಾಮಪ್ಪ. ಸಂಜೆಯ ಗಾಡಿಗೆ ಹೊರಡು, ಬೇರೆಯವರನ್ನು ಕರೆಸಿ ತೊಟ್ಟಿ ತುಂಬಿಸುತ್ತೇನೆ ಎಂದೂ ಹೇಳಿದ. ಅಶ್ವತ್ಥ ವಾದಿಸಲಿಲ್ಲ. ತನ್ನದೇ ಎಲ್ಲೋ ತಪ್ಪಿದೆ, ಆ ಎರಡು ಮೀನೂ ಹೆಚ್ಚಾದವೇನೋ ಎಂದಷ್ಟೇ ಹೇಳಿ ಬಟ್ಟೆ ಗಂಟು ಕಟ್ಟಿದ.

ಬೈರಮ್ಮ ರತ್ನಳ ಕಡೆ ತಿರುಗಿದಳು. "ನೀನೇನಾದ್ರೂ ಆ ಕಡೆ ಹೋಗಿದ್ಯಾ ಅಮ್ಮಾಯಿ?"

ಮೆತ್ತನೆಯ ಅದೇ ದನಿ. ರತ್ನ ಇಲ್ಲವೆಂದು ತಲೆಯಾಡಿಸಿದಳು.

ಹೇಳಿದರೆ ಮುಗಿಯಿತು. ಸಾಯುವವರೆಗೂ ಒಂದು ಮೂಲೆ. ಹೇಳದಿದ್ದರೆ... ಅವನು ತನ್ನ ಪಾಲಿನದಲ್ಲದ ಅಪವಾದ ಹೊತ್ತು ರೈಲು ಹತ್ತುತ್ತಾನೆ. ಇನ್ನೆಲ್ಲೂ ಅವನ ಕೈಗೆ ಯಾರೂ ತೊಟ್ಟಿ ಒಪ್ಪಿಸುವುದಿಲ್ಲ.

ಅವನು ಚಪ್ಪಲಿ ಮೆಟ್ಟುತ್ತಿದ್ದಾಗ ಅವಳು ನಡುಮನೆಗೆ ಬಂದು ನಿಂತಳು.

"ಮಾವಯ್ಯ, ಅವ್ರದ್ದೇನೂ ತಪ್ಪಿಲ್ಲ. ನಾನೇ... ನನ್ನ ದೃಷ್ಟಿ ತಾಗ್ಬಾರ್ದು ಅಂತ ಮುಡಿಪು ಹಾಕ್ದೆ. ಆದ್ರೂ ನನ್ನ ಕೈ ಸೋಕಿದ್ದು ಉಳೀಲಿಲ್ಲ."

ಅಶ್ವತ್ಥ ಗಂಟು ಕೆಳಗಿಟ್ಟ.

"ಏನ್ ಹಾಕಿದ್ರಿ?"

"ಕಾಸು..."

"ತಾಮ್ರದ್ದಾ?"

ಅಂಗಿಯ ತೋಳು ಮಡಿಸಿ ಅವನು ಮರಳು ಕೆದಕಿದ. ಕೈಗೆ ಸಿಕ್ಕ ಕಾಸಿನ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಅದನ್ನು ಎಲ್ಲರಿಗೂ ತೋರಿಸುತ್ತಾ ಬಿಡಿಸಿ ಹೇಳಿದ: ಉಪ್ಪು ನೀರಲ್ಲಿ ತಾಮ್ರ ಕರಗುತ್ತದೆ. ಕಡಲ ಹೂವಿಗೆ ಅದು ವಿಷ. ಹೂವು ಕೊಳೆತು ನೀರು ಕೆಟ್ಟಿತು, ಮೀನಿಗೆ ಉಸಿರು ಸಾಲಲಿಲ್ಲ. ಯಾರು ಹಾಕಿದ್ದರೂ ಹೀಗೇ ಆಗುತ್ತಿತ್ತು, ಯಜಮಾನರು ಹಾಕಿದ್ದರೂ.

ಆಮೇಲೆ ರತ್ನಳಿಗೆ ಮಾತ್ರ ಕೇಳುವಂತೆ ದನಿ ತಗ್ಗಿಸಿದ.

"ಅವತ್ತು ಬಿಂದಿಗೆ ಕಸ್ಕೊಂಡಿದ್ದು ಇದಕ್ಕೇ. ಹೇಳೋಷ್ಟರಲ್ಲಿ ನೀವು ಓಡಿಹೋದ್ರಿ."

"ಹೆದರಿದ್ದು ನನ್ನ ಕೈಗಲ್ವಾ?"

"ಬಿಂದಿಗೆಗೆ."

ವರ್ಷಗಳಿಂದ ಎದೆಯ ಮೇಲಿದ್ದ ಕಲ್ಲು ಸರಿದಂತಾಗಿ ರತ್ನ ಅಲ್ಲೇ ಕುಳಿತುಬಿಟ್ಟಳು. ಅಳು ನಿಲ್ಲಲೇ ಇಲ್ಲ.

ಕೋದಂಡರಾಮಪ್ಪ ಅಶ್ವತ್ಥನ ಗಂಟನ್ನು ತಾನೇ ಒಳಗಿಡಿಸಿದ. ಕೆಟ್ಟ ನೀರು ತೆಗೆದು ಜಾಡಿಗಳಲ್ಲಿ ಮಿಕ್ಕಿದ್ದ ಕಡಲ ನೀರು ಹಾಕಬೇಕಿತ್ತು. ಉಳಿದ ಮೀನಿಗೆ ಧಾರೆ ನಿಲ್ಲುವಂತಿರಲಿಲ್ಲ. ಹಳೆಯ ಮಡಕೆಗೆ ಕೊಳೆ ಹಿಡಿದಿದೆ, ಬೇರೆ ಬೇಕು ಎಂದ ಅಶ್ವತ್ಥ. ಬೈರಮ್ಮ ಒಳಗೆ ಹೋದಳು. ಹೊಸ ಮಡಕೆ ತಂದಳು. ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದು, ಕೊನೆಗೆ ಅದನ್ನು ರತ್ನಳ ಕೈಯಲ್ಲಿಟ್ಟಳು.

ಯುಗಾದಿಗೆ ತೊಟ್ಟಿಯಲ್ಲಿ ಒಂದೇ ಮೀನಿತ್ತು. ನಿಚ್ಚಳ ನೀರಲ್ಲಿ ಅದು ಒಂದೇ ಸಮನೆ ಸುತ್ತುವುದನ್ನು ವರ್ತಕರು ಊಟ ಆರುವವರೆಗೆ ನೋಡುತ್ತಾ ನಿಂತರು. ಕೋದಂಡರಾಮಪ್ಪ ಅವರಿಗೆ ನೀರು ಮಾಗುವ ಬಗೆಯನ್ನು ತಾನೇ ಕಂಡುಹಿಡಿದವನಂತೆ ವಿವರಿಸುತ್ತಿದ್ದ.

ರತ್ನ ಮಡಕೆಗೆ ನೀರು ತುಂಬುತ್ತಿದ್ದಳು. ಅಶ್ವತ್ಥ ಪಕ್ಕಕ್ಕೆ ಬಂದು, ಹುಣಸೆಹಣ್ಣು ಹಾಕಿ ಉಜ್ಜಿದ ಕಾಸನ್ನು ಅಂಗೈಯಲ್ಲಿ ಹಿಡಿದ.

"ಇದರ ಮೇಲೆ ಇನ್ನೂ ಏನೋ ಬೇಡ್ಕೊಂಡಿದ್ರಿ ಅನ್ಸುತ್ತೆ."

ಅವಳು ನೀರಿನಿಂದ ಕಣ್ಣೆತ್ತಲಿಲ್ಲ. "ನೀವು ಹೋಗ್ಬಾರ್ದು ಅಂತ..."

"ನಾನು ಹೋಗ್ಲಿಲ್ವಲ್ಲ. ಮುಡಿಪು ತೀರಿಸ್ಬೇಕು. ಟೇಕಲ್ ಬೆಟ್ಟದಲ್ಲಿ ನಮ್ಮನೆ ದೇವ್ರಿದೆ. ಇಬ್ರೂ ಹೋಗಿ ಹಾಕಿ ಬರೋಣ... ನಿಮ್ಮ ಮಾವಯ್ಯನ್ನ ಕೇಳ್ಲಾ?"

ಮಡಕೆಯ ಧಾರೆ ಸಣ್ಣಗೆ ಸದ್ದು ಮಾಡುತ್ತಿತ್ತು.

"ನಂಗೆ ಭಯ."

"ನಂಗೂ ಭಯಾನೇ" ಎಂದ ಅಶ್ವತ್ಥ. "ನಿಮ್ಮ ಮಾವಯ್ಯನ ಹತ್ರ ಮಾತಾಡ್ಬೇಕಲ್ಲ."

ಅವಳು ಮೊದಲ ಸಲ ಅವನೆದುರು ನಕ್ಕಳು. ಒದ್ದೆಯ ಕೈ ಚಾಚಿ ಅವನ ಅಂಗೈಯಿಂದ ಕಾಸು ತೆಗೆದುಕೊಂಡಳು.

"ಕೇಳಿ."