ಗೋಡೆ ಬುಡದ ನೀಲಿ ಹೂ

"ಅಲ್ಲೇ ನಿಲ್ಲಿ! ಕೈಯಲ್ಲಿರೋದನ್ನ ಕೆಳಗಿಡಿ!"

ಬೆಳ್ಳಂಬೆಳಗ್ಗೆ ಹಿತ್ತಿಲ ಗೋಡೆಯ ಮೇಲೆ ಒಂದು ಕಾಲಿಟ್ಟಿದ್ದ ಗಡಿಯಾರ ರಿಪೇರಿಯವನು ಹಾಗೇ ಕಲ್ಲಾಗಿಬಿಟ್ಟ. ಅವನ ಮುಷ್ಟಿಯಲ್ಲಿ ಬೇರುಸಮೇತ ಒಂದು ಹಿಡಿ ಗಿಡ!

ಕೂಗಿದ ದರ್ಜಿ ಹುಡುಗಿ ಗೋಡೆಯತ್ತ ಓಡಿಬಂದಳು. ತೀರಿಹೋದ ಅಮ್ಮ ನೆಟ್ಟಿದ್ದ ಗಿಡ ಅದು. ಬಿಸಿಲೇ ಬೀಳದ ಆ ಗೋಡೆ ಬುಡದಲ್ಲಿ ನೆಲಕ್ಕಂಟಿ ಹಬ್ಬಿಕೊಂಡು, ವರ್ಷ ವರ್ಷವೂ ಪುಟ್ಟ ನೀಲಿ ಹೂ ಬಿಡುತ್ತಿತ್ತು. ಅಮ್ಮನದು ಅಂತ ಉಳಿದಿದ್ದು ಅದೊಂದೇ. ಎರಡು ತಿಂಗಳಿಂದ ಅದೂ ಕರಗುತ್ತಿತ್ತು... ದಿನಾ ಎರಡು ಕೊಡ ನೀರು ಹಾಕಿದರೂ!

ಸೋದರತ್ತೆ ಮೊದಲೇ ಕಿವಿಯೂದಿದ್ದಳು: "ಪಕ್ಕದ ಮನೆಯವನ ಮೇಲೆ ಒಂದು ಕಣ್ಣಿಟ್ಟಿರೇ. ಗೋಡೆ ಹತ್ತಿರಾನೇ ಸುಳಿದಾಡ್ತಾನೆ."

ಈಗ ಸಿಕ್ಕಿಬಿದ್ದ, ಮಾಲು ಸಮೇತ!

"ಯಾಕೆ ಕದ್ರಿ? ಮಾರೋಕಾ?"

"ಬನ್ನಿ, ತೋರಿಸ್ತೀನಿ," ಅಂದ ಅವನು ತಲೆ ತಗ್ಗಿಸಿ.

'ಇದೇನು ಹೊಸ ನಾಟಕ?' ಬಟ್ಟೆ ಕತ್ತರಿಸುವ ಕತ್ತರಿ ಹಿಡಿದೇ ಹೋದಳು. ಅದರಿಂದ ಏನು ಮಾಡುವುದೆಂದು ಅವಳಿಗೂ ಗೊತ್ತಿರಲಿಲ್ಲ ಬಿಡಿ.

ಅವನ ಮನೆ ಮೆಟ್ಟಿಲ ಕೆಳಗಿನ ನೆರಳಿನಲ್ಲಿ ಹಳೇ ಗೋಡೆ ಗಡಿಯಾರಗಳ ಮರದ ಪೆಟ್ಟಿಗೆಗಳು ಸಾಲಾಗಿದ್ದವು. ಯಂತ್ರ ಇರಬೇಕಾದಲ್ಲಿ ಮಣ್ಣು. ಮಣ್ಣಿನ ತುಂಬಾ... ನೀಲಿ ಹೂ!

"ನಿಮ್ಮ ಗಿಡ ನಡುವಿಂದ ಕೊಳೀತಿತ್ತು. ನೆರಳಿನ ಮಣ್ಣು ಬೇಗ ಒಣಗಲ್ಲ, ನೀವು ದಿನಾ ನೀರು ಸುರೀತಿದ್ರಿ. ಅಂಚಿನ ಬೇರಲ್ಲಿ ಮಾತ್ರ ಜೀವ ಇತ್ತು. ದಿನಕ್ಕಿಷ್ಟು ಬಿಡಿಸಿ ತಂದು ಇಲ್ಲಿ ನೆಟ್ಟೆ."

"ನನಗೆ ಹೇಳಬಹುದಿತ್ತಲ್ಲ!"

"ಹೇಳಿದ್ದೆ. 'ನಮ್ಮ ಗಿಡ ನಮಗೆ ಗೊತ್ತು' ಅಂತ ಮುಖದ ಮೇಲೇ ಬಾಗಿಲು ಹಾಕಿದ್ರಿ."

ಹೌದು... ಹಾಕಿದ್ದಳು! ಅಮ್ಮನ ಗಿಡವನ್ನು ಕೈಯಾರೆ ಕೊಲ್ಲುತ್ತಿದ್ದವಳು ತಾನೇ! ಅವಳ ಕಣ್ಣು ತುಂಬಿತು.

ಆದರೆ ಅನುಮಾನ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

"ಪಕ್ಕದ ಮನೆ ಗಿಡಕ್ಕೆ ಇಷ್ಟು ಕಷ್ಟ ಯಾಕೆ ಪಟ್ರಿ? ನಿಜ ಹೇಳಿ."

ಅವನು ಕೈಯಲ್ಲಿದ್ದ ಗಿಡವನ್ನು ಒಂದು ಪೆಟ್ಟಿಗೆಯ ಮಣ್ಣಿಗೆ ಊರಿದ.

"ಹೂ ಬಿಟ್ಟಾಗ ನೀವು ಅದರ ಪಕ್ಕ ಕೂತು ಅಮ್ಮನ ಹತ್ರ ಮಾತಾಡ್ತೀರಿ. ಆ ದನಿ ಕೇಳ್ತಾನೇ ನಾನು ಕೆಲಸ ಮಾಡೋದು... ಅದು ನಿಂತುಹೋಗೋದು ನನಗೆ ಬೇಕಿರಲಿಲ್ಲ. ನೀವಂದ್ರೆ ನನಗೆ ತುಂಬಾ ಇಷ್ಟ."

ಕತ್ತರಿ ಮೆಲ್ಲಗೆ ಕೆಳಗಿಳಿಯಿತು.

"ಎಲ್ಲಾ ವಾಪಸ್ ನೆಟ್ಟುಕೊಡ್ತೀನಿ. ಒಂದು ಪೆಟ್ಟಿಗೆ ಮಾತ್ರ ನಾನು ಇಟ್ಕೊಳ್ಳಲಾ?"

"ಬೇಡ. ಎಲ್ಲಾ ನನಗೇ ಬೇಕು."

ಅವನ ಮುಖ ಬಾಡಿತು.

"ನೀರು ಎಷ್ಟು ಹಾಕಬೇಕು ಅಂತ ದಿನಾ ಬಂದು ನೀವೇ ಹೇಳಿ..." ಅವಳು ಕಣ್ಣೊರೆಸಿಕೊಂಡು ನಕ್ಕಳು. "ಗೋಡೆ ಹಾರ್ಬೇಡಿ. ಈ ಸಲ ಬಾಗಿಲು ಹಾಕಲ್ಲ."