ನೂರಹದಿನಾಲ್ಕನೇ ಕಾರ್ಡು

"ಬರ್ಕೊಂಡ್ರಾ ಮೇಡಂ? ಇಲ್ಲಾ... ಇನ್ನೊಂದ್ಸಲ ಹೇಳ್ಲಾ?"

ಅಷ್ಟು ಕೇಳಿ, ಕಾಫಿ ಲೋಟವನ್ನು ಹಾಗೇ ಬಿಟ್ಟು ಚಂದ್ರಹಾಸ ಎದ್ದು ಹೋಗಿ ಇಪ್ಪತ್ತೆರಡು ದಿನವಾಗಿತ್ತು. ಆ ಮಾತು ಮಾತ್ರ ಶ್ರೀಗೌರಿಯ ಕಿವಿ ಬಿಟ್ಟು ಹೋಗಿರಲಿಲ್ಲ.

ತಪ್ಪು ಅವಳದೇ. ಪೂರ್ತಿ ಅವಳದೇ!

ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಅವಳು ಪಿಎಚ್‌ಡಿ ಮಾಡುತ್ತಿದ್ದದ್ದು ಒಂದೇ ಒಂದು ಪದದ ಮೇಲೆ... 'ಆಸೆ'. ಸಂಸ್ಕೃತದ ಆಶಾ ಎಂದರೆ ಭರವಸೆ, ದಿಕ್ಕು ಎಂದೂ ಅರ್ಥವಿದೆ. ತೆಲುಗಿನಲ್ಲಿ ಅದೇ ಪದ ಭರವಸೆಯೂ ಹೌದು, ದುರಾಸೆಯೂ ಹೌದು. ಭದ್ರಾವತಿಯ ತಮಿಳು ಮನೆಯ ಮುನಿಯಮ್ಮಜ್ಜಿ ಮೊಮ್ಮಗಳನ್ನು ಮುದ್ದಾಡುವಾಗಲೂ ಅದೇ ಪದ. ನಮ್ಮ ಹಳೆಯ ಕವಿಗಳಿಗೆ ಅದು ಬಿಟ್ಟು ನಡೆಯಬೇಕಾದ ಬಂಧನ. ನಮ್ಮ ಅಡುಗೆಮನೆಯಲ್ಲಿ ಮಾತ್ರ, "ಮಗು ಆಸೆಪಡ್ತಿದೆ, ಒಂದು ಹೋಳಿಗೆ ಕೊಡೇ" ಅಷ್ಟೇ!

ಯಾರ ಬಾಯಲ್ಲಿ ಆ ಪದ ಬಂದರೂ ಅಲ್ಲೇ, ಆಗಲೇ ಕಾರ್ಡಿನಲ್ಲಿ ಬರೆದುಕೊಳ್ಳಬೇಕು. ಕಾರ್ಡಿಗೊಂದು ನಂಬರು, ಆಮೇಲೆ ಹೆಸರು, ಊರು, ವಯಸ್ಸು, ವಾಕ್ಯ. ತಡವಾದರೆ ಮಾತು ಬದಲಾಗುತ್ತದೆ ಎಂದು ಗೈಡ್ ಸಂಘಮಿತ್ರಾ ಮೇಡಂ ಅವಳ ತಲೆಗೆ ತುಂಬಿಬಿಟ್ಟಿದ್ದರು.

ಭದ್ರಾವತಿಯಲ್ಲಿ ಕಬ್ಬಿಣ ಕಡೆಯುವ ಲೇತ್ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಚಂದ್ರಹಾಸ ಹುಟ್ಟಿ ಬೆಳೆದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಲ್ಲಿನ ತಮಿಳು, ತೆಲುಗು ಮನೆಗಳಿಗೆ ಅವಳನ್ನು ಕರೆದೊಯ್ದವನೇ ಅವನು. ಎರಡು ವರ್ಷ, ಪ್ರತಿ ಭಾನುವಾರ.

ಆ ಸಂಜೆ ಹೋಟೆಲಿನಲ್ಲಿ ಅವನು ತಲೆ ತಗ್ಗಿಸಿ ಹೇಳಿದ್ದ.

"ನಿಮ್ ಜೊತೆ ಬದುಕ್ಬೇಕು ಅಂತ ಆಸೆ ನಂಗೆ..."

ಅವಳ ಕೈ ತನ್ನಷ್ಟಕ್ಕೆ ತಾನೇ ಚೀಲಕ್ಕೆ ಹೋಗಿ, ಕಾರ್ಡು ತೆಗೆದು, ಬರೆಯತೊಡಗಿತ್ತು!

'ನೂರಹದಿನಾಲ್ಕು. ಚಂದ್ರಹಾಸ. ಭದ್ರಾವತಿ. ಮೂವತ್ತೊಂದು...'

ಅವನು ಅದನ್ನು ನೋಡಿದ.

ಅವತ್ತಿನಿಂದ ಅವನು ಫೋನ್ ಎತ್ತಲಿಲ್ಲ. ಮೆಸೇಜಿಗೆ ಉತ್ತರವಿಲ್ಲ. ಎರಡು ಸಲ ಹುಡುಕಿಕೊಂಡು ಹೋದರೆ ವರ್ಕ್‌ಶಾಪಿಗೆ ಬೀಗ. ಇವತ್ತು ಬೆಳಿಗ್ಗೆ ಅವನ ತಾಯಿ ಪದ್ಮಮ್ಮನೇ ಫೋನ್ ಮಾಡಿದರು.

"ನಾಳೆ ತರೀಕೆರೆಗೆ ಹೆಣ್ಣು ನೋಡೋಕೆ ಹೋಗ್ತಿದೀವಮ್ಮ. ಯಾವ ಹುಡುಗಿ ಆದ್ರೂ ಒಪ್ಕೋತೀನಿ ಅಂತಾನೆ. ಅವನ ಮುಖ ನೋಡಕ್ಕಾಗಲ್ಲ... ನಿಮ್ಮಿಬ್ರ ಮಧ್ಯೆ ಏನಾಯ್ತು?"

ನಾಳೆ! ಶ್ರೀಗೌರಿ ಶಿವಮೊಗ್ಗದ ಸವಳಂಗ ರಸ್ತೆಯ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಓಡಿದಳು. ಭದ್ರಾವತಿ ಬಸ್ಸು ಕೈ ಅಡ್ಡ ಹಾಕಿದವರಿಗೆಲ್ಲ ನಿಂತಿತು. 'ಹೊರಡೋ ಮಾರಾಯ!' ಎಂದು ಡ್ರೈವರನ ಬೆನ್ನಿಗೆ ಮನಸ್ಸಿನಲ್ಲೇ ಬೈದಳು. ಇಷ್ಟು ಭಾಷೆಗಳಲ್ಲಿ ಆ ಪದದ ಅರ್ಥ ಗೊತ್ತಿದ್ದು ಏನು ಬಂತು? ಎದುರು ಕೂತವನಿಗೆ ಒಂದು ಉತ್ತರ ಕೊಡಲಾಗಲಿಲ್ಲ...

ವರ್ಕ್‌ಶಾಪ್ ತೆರೆದಿತ್ತು. ಅವನು ಲೇತಿನಿಂದ ಕಣ್ಣೆತ್ತಲಿಲ್ಲ.

"ಇನ್ಯಾವ ಮನೆ ಬಾಕಿ ಇದೆ ಮೇಡಂ? ಮುನಿಯಮ್ಮಜ್ಜಿನ ಕೇಳಿ, ತೋರಿಸ್ತಾರೆ."

"ಮಷಿನ್ ನಿಲ್ಸಿ ಚಂದ್ರು... ದಮ್ಮಯ್ಯ!"

ಮಷಿನ್ ನಿಂತಿತು.

"ಅಜ್ಜಿ ನೂರಹದಿಮೂರು, ನಾನು ನೂರಹದಿನಾಲ್ಕು, ಅಲ್ವಾ?" ಅವನು ಈಗ ಅವಳ ಕಡೆ ತಿರುಗಿದ. "ಆ ಒಂದು ಮಾತ್ನ ಮೂರು ತಿಂಗ್ಳು ಕನ್ನಡಿ ಮುಂದೆ ಹೇಳ್ಕೊಂಡಿದ್ದೆ ರೀ. ನೀವು ನನ್ ವಯಸ್ಸು ಬರ್ಕೊಂಡ್ರಿ!"

ಅವಳಿಗೆ ಅಳು ತಡೆಯಲಾಗಲಿಲ್ಲ.

"ಭಯ ಆಯ್ತು... ಭಯ ಆದ್ರೆ ಬರೀತೀನಿ, ನಂಗೆ ಬೇರೇನೂ ಬರಲ್ಲ! ಆ ಕಾರ್ಡು ಥೀಸಿಸ್‌ನಲ್ಲಿಲ್ಲ ಚಂದ್ರು. ನೂರಹದಿಮೂರಾದ್ಮೇಲೆ ನೂರಹದಿನೈದು ಯಾಕೆ ಅಂತ ಗೈಡ್ ಕೇಳಿದ್ರು. ಅದು ನಂದು, ಕೊಡಲ್ಲ ಅಂದೆ. ಚೆನ್ನಾಗಿ ಬೈಸ್ಕೊಂಡೆ."

ಅವಳು ಚೀಲದಿಂದ ಕಾರ್ಡು ತೆಗೆದು ಅವನ ಕೈಗಿಟ್ಟಳು. ಹೆಸರು, ಊರು, ವಯಸ್ಸು. ವಾಕ್ಯದ ಜಾಗ ಖಾಲಿ.

"ನಿಮ್ ಮಾತು ಅಲ್ಲಿ ಬರಿಯಕ್ಕೆ ಮನಸ್ಸು ಬರ್ಲಿಲ್ಲ..."

ಅವನು ಅದನ್ನು ಓದಿ ಜೇಬಿಗಿಟ್ಟುಕೊಂಡ. ಆಮೇಲೆ ಕಬ್ಬಿಣಕ್ಕೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು, ಗೋಡೆಗೆ ಒರಗಿಸಿದ್ದ ತಗಡಿನ ಎದುರು ನಿಂತ.

"ಹೆಸ್ರು?"

"ಏನು?"

"ಹೆಸ್ರು ಹೇಳಿ ಮೇಡಂ."

"ಶ್ರೀಗೌರಿ..."

"ಊರು? ವಯಸ್ಸು?"

"ಶಿವಮೊಗ್ಗ. ಇಪ್ಪತ್ತೆಂಟು."

"ವಾಕ್ಯ?"

ಅವಳು ಕಣ್ಣೊರೆಸಿಕೊಂಡಳು. ಈ ಸಲ ಕೈ ಚೀಲಕ್ಕೆ ಹೋಗಲಿಲ್ಲ.

"ತರೀಕೆರೆಗೆ ಹೋಗ್ಬೇಡಿ. ನಿಮ್ ಜೊತೆನೇ ಬದುಕ್ಬೇಕು ಅಂತ ನಂಗೂ ಆಸೆ. ಮೊದಲ್ನೇ ಭಾನುವಾರದಿಂದ್ಲೂ!"

ಸೀಮೆಸುಣ್ಣ ತಗಡಿನ ಮೇಲೆ ನಿಂತೇ ಇತ್ತು.

"ಬರ್ಕೊಳ್ಳಲ್ವಾ?" ಅಂದಳು ಮೆಲ್ಲಗೆ.

ಅವನು ಸೀಮೆಸುಣ್ಣ ಕೆಳಗಿಟ್ಟು, ಆಯಿಲ್ ಮೆತ್ತಿದ ಕೈಯಲ್ಲೇ ಅವಳ ಕೈ ಹಿಡಿದುಕೊಂಡ.

"ಇಲ್ಲ. ಇನ್ನೊಂದ್ಸಲ ಹೇಳು."